ಋಣ ಒಂದು ಸೆಕೆಂಡ್ ಎಂದರೆ ಯಾವಾಗ, ಮೇಡಂ?

(ಚಿತ್ರದುರ್ಗ, ದಾವಣಗೆರೆ ಭಾಗದ ಹೈಸ್ಕೂಲು ಮತ್ತು ಪಿಯುಸಿ ಮಕ್ಕಳು ಭೌತಶಾಸ್ತ್ರ, ಗಣಿತದ ಮನೆಗೆಲಸದಲ್ಲಿ ಸಿಕ್ಕಿಕೊಂಡಾಗ ಕೇಳುವ ಗುಂಪು ಇದು. ಉತ್ತರ ಕೊಡುವವರು ಚಿತ್ರದುರ್ಗದ ಒಂದು ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕಿ. ಪ್ರಶ್ನೆಯ ಫೋಟೊ ಜೊತೆಗೆ ನೀವು ಮಾಡಿ ನೋಡಿದ ಪುಟದ ಫೋಟೊ ಕೂಡ ಹಾಕಬೇಕು ಎಂಬುದೊಂದೇ ನಿಯಮ.)

ಪ್ರಶ್ನೆ (ಪ್ರಥಮ ಪಿಯುಸಿ, ಚಿತ್ರದುರ್ಗ): ಮೇಡಂ, 20 ಮೀಟರ್ ಎತ್ತರದ ಬುರುಜಿನ ಮೇಲಿಂದ ಒಂದು ಕಲ್ಲನ್ನು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆಯುತ್ತಾರೆ. ಅದು ಬುರುಜಿನ ಬುಡದ ನೆಲ ತಲುಪಲು ಎಷ್ಟು ಸಮಯ ಬೇಕು? ಗುರುತ್ವ ವೇಗೋತ್ಕರ್ಷ 10 ಎಂದು ತೆಗೆದುಕೊಳ್ಳಲು ಹೇಳಿದ್ದಾರೆ. ಸಮಯವನ್ನು ಟಿ ಎಂದಿಟ್ಟರೆ ನನಗೆ ಟಿ² − 3ಟಿ + 4 = 0 ಎಂದು ಬಂತು. ಶೋಧಕ (ವರ್ಗಮೂಲದೊಳಗೆ ಬರುವ ಸಂಖ್ಯೆ) 9 − 16, ಅಂದರೆ −7. ಮುಂದೆ ಹೋಗಲು ದಾರಿಯೇ ಇಲ್ಲ. ಪ್ರಶ್ನೆಯೇ ತಪ್ಪಾಗಿ ಅಚ್ಚಾಗಿದೆಯೇ?

ಉತ್ತರ: ಪ್ರಶ್ನೆ ಸರಿಯಾಗಿಯೇ ಇದೆಯಪ್ಪ. ನಿನ್ನ ಪುಟ ನೋಡಿದೆ. ಸೂತ್ರ ಸರಿ, ಗುಣಾಕಾರ ಸರಿ. ಮೇಲ್ಮುಖವನ್ನು ಧನ ಎಂದು ಇಟ್ಟುಕೊಂಡು ವೇಗಕ್ಕೆ +15, ವೇಗೋತ್ಕರ್ಷಕ್ಕೆ −10 ಹಾಕಿದ್ದೀಯೆ. ಅಷ್ಟು ಎಚ್ಚರ ವಹಿಸಿದವನು ಸ್ಥಾನಪಲ್ಲಟಕ್ಕೆ ಮಾತ್ರ +20 ಹಾಕಿಬಿಟ್ಟೆ. ಕಲ್ಲು ಹೊರಟದ್ದು ಬುರುಜಿನ ತುದಿಯಿಂದ, ಕೊನೆಗೆ ಇರುವುದು ಅದಕ್ಕಿಂತ 20 ಮೀಟರ್ ಕೆಳಗೆ. ಆದ್ದರಿಂದ ಅದು −20.

ಆದರೆ ಆ −7 ಅನ್ನು ಹೊಡೆದುಹಾಕುವ ಮೊದಲು ಒಂದು ನಿಮಿಷ ನೋಡು. +20 ಎಂದು ಬರೆದಾಗ ನೀನು ಕೇಳಿದ ಪ್ರಶ್ನೆಯೇ ಬೇರೆ: ‘ಈ ಕಲ್ಲು ಬುರುಜಿಗಿಂತ 20 ಮೀಟರ್ ಮೇಲೆ ಯಾವಾಗ ಇರುತ್ತದೆ?’ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಎಸೆದ ಕಲ್ಲು ಎಷ್ಟು ಮೇಲೇರಬಲ್ಲದು? ವೇಗದ ವರ್ಗ 225, ಅದನ್ನು ವೇಗೋತ್ಕರ್ಷದ ಎರಡರಷ್ಟರಿಂದ, ಅಂದರೆ 20ರಿಂದ ಭಾಗಿಸು. 11.25 ಮೀಟರ್. ಅಲ್ಲಿಗೆ ಅದರ ಶಕ್ತಿ ಮುಗಿಯಿತು. 20 ಮೀಟರ್ ಮೇಲೆ ಅದು ಎಂದಿಗೂ ಹೋಗುವುದಿಲ್ಲ. ಸಮೀಕರಣ ನಿನಗೆ ಹೇಳಿದ್ದು ಅದನ್ನೇ. ಹೀಗಿರುವಾಗ ಪುಸ್ತಕ ತಪ್ಪು, ಅಚ್ಚು ತಪ್ಪು ಎನ್ನಬೇಡ.

ಈಗ −20 ಹಾಕಿ ಮಾಡಿ ತೋರಿಸು.

ಅದೇ ವಿದ್ಯಾರ್ಥಿ: ಟಿ² − 3ಟಿ − 4 = 0. ಮೂಲಗಳು 4 ಮತ್ತು −1. ಉತ್ತರ 4 ಸೆಕೆಂಡ್. −1 ಅನ್ನು ಬಿಟ್ಟುಬಿಡಬೇಕು ಎಂದು ನಮ್ಮ ಗೈಡಿನಲ್ಲಿದೆ. ಋಣ ಒಂದು ಸೆಕೆಂಡ್ ಎಂದರೆ ಯಾವಾಗ, ಮೇಡಂ?

ಉತ್ತರ: ಪರೀಕ್ಷೆಯಲ್ಲಿ ಬಿಡು, ಆದರೆ ‘ಎಸೆದ ನಂತರದ ಸಮಯ ಋಣವಾಗದು’ ಎಂದು ಒಂದು ಸಾಲು ಬರೆದು ಬಿಡು. ನಿನ್ನ ಪ್ರಶ್ನೆ ಮಾತ್ರ ಚೆನ್ನಾಗಿದೆ. ಸಮೀಕರಣಕ್ಕೆ ಬುರುಜೂ ಗೊತ್ತಿಲ್ಲ, ಎಸೆದ ಕೈಯೂ ಗೊತ್ತಿಲ್ಲ. ಸೊನ್ನೆ ಸೆಕೆಂಡಿನಲ್ಲಿ ಕಲ್ಲು ಈ ಎತ್ತರದಲ್ಲಿ ಈ ವೇಗದಲ್ಲಿ ಮೇಲೆ ಹೋಗುತ್ತಿತ್ತು ಎಂಬುದಷ್ಟೇ ಅದಕ್ಕೆ ಗೊತ್ತು. ‘ಇದು ನೆಲದ ಮಟ್ಟದಲ್ಲಿ ಯಾವಾಗ?’ ಎಂದು ಕೇಳಿದರೆ ಎರಡು ಕ್ಷಣ ಹೇಳುತ್ತದೆ. ಒಂದು ಸೆಕೆಂಡ್ ಹಿಂದಕ್ಕೆ ಹೋಗಿ ವೇಗ ಲೆಕ್ಕ ಹಾಕು: 15 + 10 = 25. ಬುರುಜಿನ ಬುಡದಲ್ಲಿ ನಿಂತ ಒಬ್ಬನು ನಿನಗಿಂತ ಒಂದು ಸೆಕೆಂಡ್ ಮೊದಲು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಎಸೆದಿದ್ದರೆ, ಅವನ ಕಲ್ಲು ಒಂದು ಸೆಕೆಂಡಿನಲ್ಲಿ 25 − 5 = 20 ಮೀಟರ್ ಏರಿ, ನಿನ್ನ ಪಕ್ಕದಲ್ಲಿ ಸರಿಯಾಗಿ 15ರ ವೇಗದಲ್ಲಿ ಹಾದುಹೋಗುತ್ತಿತ್ತು. ಆಮೇಲೆ ಅವನ ಕಲ್ಲಿಗೂ ನಿನ್ನ ಕಲ್ಲಿಗೂ ವ್ಯತ್ಯಾಸವೇ ಇಲ್ಲ. (ಲೆಕ್ಕವನ್ನು ಕಾಗದದ ಮೇಲೆ ಮಾಡಿದರೆ ಸಾಕು. ನಮ್ಮ ಕೋಟೆಯ ಏಳು ಸುತ್ತಿನೊಳಗೆ ಜನ ಓಡಾಡುತ್ತಾರೆ.)

ಇನ್ನೊಬ್ಬ ವಿದ್ಯಾರ್ಥಿನಿ (ಜಗಳೂರು): ನಾನು ಎರಡು ಭಾಗ ಮಾಡಿದೆ, ಮೇಡಂ. ಮೇಲೇರಲು 1.5 ಸೆಕೆಂಡ್. ಆಮೇಲೆ 31.25 ಮೀಟರ್ ಬೀಳಲು 2.5 ಸೆಕೆಂಡ್. ಒಟ್ಟು 4. ಹೀಗೆ ಬರೆದರೆ ಅಂಕ ಕೊಡುತ್ತಾರೆಯೇ?

ಉತ್ತರ: ಪೂರ್ತಿ ಕೊಡಬೇಕು. ಮೌಲ್ಯಮಾಪನದಲ್ಲಿ ಅಂಕ ಇರುವುದು ಹಂತಗಳಿಗೆ, ಗೈಡಿನ ದಾರಿಗಲ್ಲ. ನಿನ್ನ ದಾರಿ ಉದ್ದ, ಆದರೆ ಚಿಹ್ನೆಯ ಗೊಂದಲ ಹತ್ತಿರ ಸುಳಿಯುವುದಿಲ್ಲ.

ಪ್ರಶ್ನೆ (ಒಂಬತ್ತನೇ ತರಗತಿ, ದಾವಣಗೆರೆ): ಮಿಸ್, ಕಾರು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಗಂಟೆಗೆ 60 ಕಿಲೋಮೀಟರ್ ಜವದಲ್ಲಿ ಹೋಗಿ, 40ರ ಜವದಲ್ಲಿ ವಾಪಸು ಬಂದರೆ ಸರಾಸರಿ ಜವ ಎಷ್ಟು? ನಾನು 50 ಎಂದು ಬರೆದೆ. ಶಾಲೆಯಲ್ಲಿ ತಪ್ಪು ಹಾಕಿದರು. ಅಪ್ಪ ಕೂಡ ಕ್ಯಾಲ್ಕುಲೇಟರಿನಲ್ಲಿ ಮಾಡಿ 50 ಎಂದೇ ಹೇಳಿದರು.

ಉತ್ತರ: ದೂರವನ್ನು 60 ಕಿಲೋಮೀಟರ್ ಎಂದುಕೊಳ್ಳೋಣ, ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಇದೆ. ಹೋಗಲು 1 ಗಂಟೆ, ಬರಲು ಒಂದೂವರೆ ಗಂಟೆ. ಒಟ್ಟು ದೂರ 120, ಒಟ್ಟು ಸಮಯ 2.5 ಗಂಟೆ. ಭಾಗಿಸಿದರೆ 48. ದೂರ ನೂರು ಕಿಲೋಮೀಟರ್ ಇದ್ದರೂ 48 ಬರುತ್ತದೆ, ಮಾಡಿ ನೋಡು.

ಹುಡುಗನ ತಂದೆ: ನಮಸ್ಕಾರ ಮೇಡಂ. ನಾನು ಮೆಕ್ಕೆಜೋಳದ ವ್ಯಾಪಾರಿ, ದಿನವೂ ಲೆಕ್ಕದಲ್ಲೇ ಇರುವವನು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಸರಾಸರಿ ಎಂದು ನಾವು ಓದಿದ್ದು. ಈಗ ನಿಯಮ ಬದಲಾಗಿದೆಯೇ?

ಉತ್ತರ: ನಮಸ್ಕಾರ ಸರ್. ನಿಯಮ ಹಳೆಯದೇ, ನೀವು ಅಂಗಡಿಯಲ್ಲಿ ಅದನ್ನೇ ಪಾಲಿಸುತ್ತೀರಿ. ಕ್ವಿಂಟಲಿಗೆ 2,000 ರೂಪಾಯಿಯಂತೆ 10 ಕ್ವಿಂಟಲ್, 2,200ರಂತೆ 30 ಕ್ವಿಂಟಲ್ ಕೊಂಡಿರಿ ಎನ್ನಿ. ಸರಾಸರಿ ಕೊಂಡ ಬೆಲೆ 2,100 ಎನ್ನುತ್ತೀರಾ? ಒಟ್ಟು ಹಣ 86,000, ಒಟ್ಟು 40 ಕ್ವಿಂಟಲ್, ಅಂದರೆ 2,150 ಎಂದೇ ಬರೆದುಕೊಳ್ಳುತ್ತೀರಿ. ದುಬಾರಿ ಮಾಲು ಹೆಚ್ಚು ಕೊಂಡದ್ದಕ್ಕೆ ಸರಾಸರಿ ಆ ಕಡೆ ವಾಲಿತು. ಇಲ್ಲಿ ಕಾರು 40ರ ಜವದಲ್ಲಿ ಒಂದೂವರೆ ಗಂಟೆ ಇತ್ತು, 60ರಲ್ಲಿ ಒಂದೇ ಗಂಟೆ. ಎರಡರಲ್ಲೂ ಸಮಾನ ಸಮಯ ಓಡಿದ್ದರೆ ನಿಮ್ಮ 50 ಸರಿಯಾಗುತ್ತಿತ್ತು.

ಹುಡುಗನ ತಂದೆ: ಒಪ್ಪಿದೆ ಮೇಡಂ. ಮಗನಿಗೆ ನಾನೇ ಮತ್ತೊಮ್ಮೆ ಹೇಳಿಕೊಡುತ್ತೇನೆ.

ಉತ್ತರ: ಹೇಳಿಕೊಡುವಾಗ ಇದನ್ನೂ ಕೇಳಿ: ಹೋಗುವಾಗ 30ರ ಜವದಲ್ಲಿ ಹೋಗಿದ್ದರೆ, ಒಟ್ಟು ಸರಾಸರಿ 60 ಬರಬೇಕಾದರೆ ವಾಪಸು ಎಷ್ಟು ಜವದಲ್ಲಿ ಬರಬೇಕು? 90 ಎಂದು ಹೇಳಿದರೆ ಮತ್ತೆ ಕೂರಿಸಿ.

ಹುಡುಗ (ರಾತ್ರಿ): ಮಿಸ್, ಹೋಗುವುದಕ್ಕೇ 2 ಗಂಟೆ ಆಗಿಹೋಯಿತು. 120 ಕಿಲೋಮೀಟರಿಗೆ ಇರುವುದೇ 2 ಗಂಟೆ. ಬರಲು ಸಮಯವೇ ಉಳಿದಿಲ್ಲ! ಅಪ್ಪ 90 ಎಂದರು.

ಪ್ರಶ್ನೆ (ಒಬ್ಬ ತಾಯಿ, ಹರಿಹರ): ಮೇಡಂ, ನನ್ನ ಮಗಳು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಾಳೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಪ್ರಶ್ನೆಯ ಫೋಟೊ ತೆಗೆದರೆ ಮೊಬೈಲಿನಲ್ಲಿ ಉತ್ತರ ಬರುತ್ತದೆ, ಅದನ್ನು ನೀಟಾಗಿ ನೋಟ್ಸಿಗೆ ಇಳಿಸುತ್ತಾಳೆ. ಕಿರುಪರೀಕ್ಷೆಯಲ್ಲಿ ಅಂಕ ಬರುತ್ತಿಲ್ಲ. ಮೊಬೈಲ್ ಕಿತ್ತಿಡಬೇಕೇ?

ಉತ್ತರ: ಕಿತ್ತಿಟ್ಟರೆ ಗೆಳತಿಯ ನೋಟ್ಸು ನೋಡಿ ಬರೆಯುತ್ತಾಳೆ, ಅಷ್ಟೇ. ಉತ್ತರ ನೋಡುವುದರಲ್ಲಿ ದೋಷವಿಲ್ಲಮ್ಮ, ನಾವೂ ಗೈಡು ನೋಡಿಯೇ ಓದಿದವರು. ನೋಡುತ್ತ ನೋಡುತ್ತ ಬರೆಯುವುದೇ ತೊಂದರೆ. ಕೈ ಓಡುತ್ತಿರುತ್ತದೆ, ತಲೆ ಸುಮ್ಮನಿರುತ್ತದೆ. ಹೀಗೆ ಮಾಡಿಸಿ: ಉತ್ತರವನ್ನು ಓದಲಿ, ಮೊಬೈಲ್ ನಿಮ್ಮ ಕೈಗೆ ಕೊಡಲಿ, ಸಂಖ್ಯೆಗಳನ್ನು ಬದಲಿಸಿ ಅದೇ ಲೆಕ್ಕವನ್ನು ಮಾಡಲಿ. ಮೇಲಿನ ಕಲ್ಲಿನ ಲೆಕ್ಕದಲ್ಲಿ 15ರ ಬದಲು 25, 20ರ ಬದಲು 30 ಮೀಟರ್ ಎಂದು ಕೊಡಿ. ಮೊದಲು ಚಿತ್ರ ಬರೆಯಬೇಕು: ಬುರುಜು, ಮೇಲ್ಮುಖದ ಬಾಣ, ಎಲ್ಲಿಂದ ಎಲ್ಲಿಗೆ. ಪಕ್ಕದಲ್ಲಿ ಕೊಟ್ಟದ್ದು ಏನು, ಕೇಳಿದ್ದು ಏನು, ಏಕಮಾನಗಳ ಸಮೇತ. ಇಂಗ್ಲಿಷ್ ವಾಕ್ಯ ಅರ್ಧ ಅರ್ಥವಾದರೂ ಚಿತ್ರ ಬಂದರೆ ಲೆಕ್ಕ ಬರುತ್ತದೆ. ನಿಮಗೆ ಭೌತಶಾಸ್ತ್ರ ತಿಳಿದಿರಬೇಕಿಲ್ಲ. ‘ಈ ಬಾಣ ಏಕೆ ಮೇಲಕ್ಕಿದೆ?’ ಎಂದು ಕೇಳಿದರೆ ಸಾಕು.

ಜಗಳೂರಿನ ವಿದ್ಯಾರ್ಥಿನಿ: ನಾನೂ ಮಾಡಿದೆ, ಮೇಡಂ. ಟಿ² − 5ಟಿ − 6 = 0. ಮೂಲಗಳು 6 ಮತ್ತು −1. ಮತ್ತೆ −1! ಇದು ಕಾಕತಾಳೀಯವೇ?

ಉತ್ತರ: ಬೇಕೆಂದೇ ಇಟ್ಟದ್ದು, ಯಾರಾದರೂ ಹಿಡಿಯುತ್ತಾರೋ ನೋಡೋಣ ಎಂದು. ಬುರುಜಿನ ಎತ್ತರದ ಸಂಖ್ಯೆ ವೇಗದ ಸಂಖ್ಯೆಗಿಂತ 5 ಹೆಚ್ಚಿದ್ದಾಗಲೆಲ್ಲ −1 ಬರುತ್ತದೆ. 35 ಮತ್ತು 40 ಹಾಕಿ ನೋಡು. ಆ 5 ಎಲ್ಲಿಂದ ಬಂತು ಎಂಬುದು ಮಾತ್ರ ನಿನಗೆ ಬಿಟ್ಟದ್ದು.

ಪ್ರಶ್ನೆ (ಎಸ್ಸೆಸ್ಸೆಲ್ಸಿ, ಹೊಳಲ್ಕೆರೆ): 100 ವ್ಯಾಟ್ ಮತ್ತು 60 ವ್ಯಾಟ್ ಬಲ್ಬುಗಳನ್ನು 220 ವೋಲ್ಟಿಗೆ ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ನನಗೆ 60 ವ್ಯಾಟಿನದು ಎಂದು ಬಂತು. ಅಣ್ಣ ವೈರಿಂಗ್ ಕೆಲಸ ಮಾಡುತ್ತಾನೆ, ಅವನು ನಕ್ಕ. ಎಲ್ಲಿ ತಪ್ಪಿದೆ?

ಉತ್ತರ: ಎಲ್ಲೂ ತಪ್ಪಿಲ್ಲ. ಅಣ್ಣ ಹೇಳುವುದೂ ಅವನ ಕೆಲಸದ ಮಟ್ಟಿಗೆ ಸರಿ, ಏಕೆಂದರೆ ಮನೆಯ ವೈರಿಂಗಿನಲ್ಲಿ ಎಲ್ಲವೂ ಸಮಾಂತರ ಜೋಡಣೆ. ಪ್ರತಿ ಬಲ್ಬಿಗೂ ಪೂರ್ತಿ 220 ವೋಲ್ಟ್ ಸಿಗುತ್ತದೆ, 100 ವ್ಯಾಟಿನದು ಹೆಚ್ಚು ಬೆಳಗುತ್ತದೆ. ಬಲ್ಬಿನ ಮೇಲೆ ಬರೆದ ವ್ಯಾಟು 220 ವೋಲ್ಟ್ ಸಿಕ್ಕರೆ ಮಾತ್ರ ನಿಜ. ವೋಲ್ಟಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ರೋಧ: 100ರದ್ದಕ್ಕೆ 484 ಓಮ್, 60ರದ್ದಕ್ಕೆ ಸುಮಾರು 807. ಸರಣಿಯಲ್ಲಿ ಎರಡರಲ್ಲೂ ಹರಿಯುವ ವಿದ್ಯುತ್ ಒಂದೇ, 0.17 ಆಂಪಿಯರ್. ಆದ್ದರಿಂದ ರೋಧ ಹೆಚ್ಚಿದ್ದಲ್ಲಿ ಸಾಮರ್ಥ್ಯ ಹೆಚ್ಚು: 60ರದ್ದು ಸುಮಾರು 23 ವ್ಯಾಟ್, 100ರದ್ದು 14. ಇದು ಪರೀಕ್ಷೆಯ ಉತ್ತರ. ನಿಜವಾಗಿ ಅಳೆದರೆ ಸಂಖ್ಯೆಗಳು ಸ್ವಲ್ಪ ಬೇರೆ ಬರುತ್ತವೆ. ಟಂಗ್‌ಸ್ಟನ್ ತಂತಿ ಉರಿಯುವಾಗ ಅದರ ರೋಧ ತಣ್ಣಗಿರುವಾಗಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು, ಇಲ್ಲಿ ಎರಡೂ ಪೂರ್ತಿ ಕಾಯುವುದಿಲ್ಲ. ಅಣ್ಣನಿಗೆ ತೋರಿಸಲೇಬೇಕೆಂದಿದ್ದರೆ ಅವನ ಕೈಯಲ್ಲೇ ಜೋಡಿಸು. ನೀನು ತಂತಿ ಮುಟ್ಟಬೇಡ. ಎಲ್‌ಇಡಿ ಬಲ್ಬು ತಂದು ಮಾಡಿ ‘ಮೇಡಂ ಸುಳ್ಳು ಹೇಳಿದರು’ ಎನ್ನಬೇಡಿ, ಅದರೊಳಗಿನ ಸರ್ಕ್ಯೂಟೇ ಬೇರೆ.

ಪ್ರಶ್ನೆ (ಪ್ರಥಮ ಪಿಯುಸಿ, ಹಿರಿಯೂರು): ನಮ್ಮ ಮಾರಿಕಣಿವೆ ಅಣೆಕಟ್ಟಿನ ಮೇಲೆ ಉಪನ್ಯಾಸಕರು ಲೆಕ್ಕ ಕೊಟ್ಟಿದ್ದಾರೆ. 130 ಅಡಿ ನೀರಿದ್ದಾಗ ತಳದಲ್ಲಿ ಒತ್ತಡ ಎಷ್ಟು? ನನಗೆ 3.9 ಲಕ್ಷ ಪಾಸ್ಕಲ್ ಬಂತು, ಅವರು ಕೊಟ್ಟ ಉತ್ತರ 4.9 ಲಕ್ಷ. ಇನ್ನೊಂದು ಅನುಮಾನ: ಅಷ್ಟು ದೊಡ್ಡ ಜಲಾಶಯದ ನೀರೆಲ್ಲ ಗೋಡೆಯನ್ನು ತಳ್ಳುವಾಗ, ಲೆಕ್ಕದಲ್ಲಿ ಬರೀ ಆಳ ಇದೆ. ನೀರಿನ ಹರಹು ಎಲ್ಲಿ ಹೋಯಿತು?

ಉತ್ತರ: ಮೊದಲು ಎರಡನೆಯದು. ವೇದಾವತಿ ನದಿಗೆ 1898ರಲ್ಲಿ ಕಟ್ಟಲು ಶುರು ಮಾಡಿ 1907ರಲ್ಲಿ ಮುಗಿಸಿದ ನಿಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 2022ರಲ್ಲಿ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಊರೆಲ್ಲ ನೋಡಲು ಹೋಗಿದ್ದು ನೀರಿನ ಹರಹನ್ನು. ಗೋಡೆಗೆ ಆ ಹರಹು ತಿಳಿಯುವುದಿಲ್ಲ. ನೀರು ಹಿಂದಕ್ಕೆ ಎಷ್ಟೇ ದೂರ ಹಬ್ಬಿರಲಿ, ಒಂದು ಬಿಂದುವಿನಲ್ಲಿ ಒತ್ತಡ ಅದರ ಮೇಲಿನ ಆಳದಿಂದ ಮಾತ್ರ ನಿರ್ಧಾರವಾಗುತ್ತದೆ. ಅದೇ ಗೋಡೆಗೆ ಒಂದೇ ಮೀಟರ್ ಅಂತರದಲ್ಲಿ ಇನ್ನೊಂದು ಗೋಡೆ ಕಟ್ಟಿ ನಡುವೆ 130 ಅಡಿ ನೀರು ತುಂಬಿದರೂ ತಳದಲ್ಲಿ ಅಷ್ಟೇ ಒತ್ತಡ. ಸೈಮನ್ ಸ್ಟೆವಿನ್ 1586ರಲ್ಲೇ ಇದನ್ನು ಬರೆದಿಟ್ಟರು. ಏಕಮಾನಕ್ಕೆ ಹೆಸರು ಮಾತ್ರ ಆಮೇಲೆ ಬಂದ ಪಾಸ್ಕಲ್ ಅವರದು.

ಆಳ ಬೆಳೆದಂತೆ ಒತ್ತಡ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ, ಆದರೆ ಗೋಡೆಯ ಮೇಲಿನ ಒಟ್ಟು ಬಲ ಆಳದ ವರ್ಗದಂತೆ ಬೆಳೆಯುತ್ತದೆ. ಗೋಡೆ ನೆಟ್ಟಗಿದೆ ಎಂದುಕೊಂಡರೆ, ಒಂದು ಮೀಟರ್ ಅಗಲದ ಪಟ್ಟಿಯ ಮೇಲೆ ನೀರಿನ ಸರಾಸರಿ ಒತ್ತಡ ತಳದಲ್ಲಿರುವುದರ ಅರ್ಧ, 1.94 ಲಕ್ಷ ಪಾಸ್ಕಲ್, ಎತ್ತರ 39.6 ಮೀಟರ್. ಗುಣಿಸಿದರೆ ಸುಮಾರು 77 ಲಕ್ಷ ನ್ಯೂಟನ್, ಅಂದರೆ 780 ಟನ್ನಿನ ತೂಕದಷ್ಟು ನೂಕು. ಆಳ ಅರ್ಧಕ್ಕಿಳಿದರೆ ಈ ನೂಕು ಕಾಲುಭಾಗಕ್ಕೆ ಇಳಿಯುತ್ತದೆ. ಇಂಥ ಕಲ್ಲಿನ ಅಣೆಕಟ್ಟುಗಳು ಬುಡದಲ್ಲಿ ಏಕೆ ಅಷ್ಟು ದಪ್ಪ ಎಂದು ಮುಂದಿನ ಸಲ ಹೋದಾಗ ಗೋಡೆಯ ಇಳಿಜಾರು ನೋಡಿ ಯೋಚಿಸು.

ಈಗ ನಿನ್ನ ಉತ್ತರಕ್ಕೂ ಅವರ ಉತ್ತರಕ್ಕೂ ಇರುವ ವ್ಯತ್ಯಾಸ. 4.9ರಲ್ಲಿ 3.9 ಕಳೆ. ಉಳಿದ ಒಂದು ಲಕ್ಷ ಪಾಸ್ಕಲ್ ಎಲ್ಲೋ ನೋಡಿದಂತಿಲ್ಲವೇ?

ಅದೇ ವಿದ್ಯಾರ್ಥಿ: ವಾಯುಮಂಡಲದ ಒತ್ತಡ! ನೀರಿನ ಮೇಲೆ ಗಾಳಿ ಇರುವುದನ್ನೇ ಮರೆತೆ. ಹಾಗಾದರೆ ಗೋಡೆಯ ಲೆಕ್ಕದಲ್ಲಿ ನೀವೇಕೆ ಅದನ್ನು ಸೇರಿಸಲಿಲ್ಲ?

ಉತ್ತರ: ಗೋಡೆಯ ಆಚೆ ಬದಿಯಲ್ಲೂ ಗಾಳಿ ಇದೆ, ಅದು ಈ ಕಡೆಗೆ ತಳ್ಳುತ್ತದೆ. ಎರಡೂ ವಜಾ. ತಳದಲ್ಲಿ ‘ಒಟ್ಟು ಒತ್ತಡ’ ಕೇಳಿದರೆ ಗಾಳಿಯನ್ನು ಸೇರಿಸು, ‘ನೀರಿನಿಂದ ಉಂಟಾದ ಒತ್ತಡ’ ಎಂದರೆ ಬಿಡು.

ಅದೇ ವಿದ್ಯಾರ್ಥಿ: ಬರೀ ‘ಒತ್ತಡ’ ಎಂದು ಕೇಳಿದ್ದರೆ?

ಉತ್ತರ: ಯಾವುದನ್ನು ತೆಗೆದುಕೊಂಡೆ ಎಂದು ಒಂದು ಸಾಲು ಬರೆದು ಮುಂದುವರಿ. ನಾಳೆ ನಿಮ್ಮ ಉಪನ್ಯಾಸಕರಿಗೂ ಈ ಪುಟ ತೋರಿಸು. ನಿನ್ನ 3.9 ತಪ್ಪು ಲೆಕ್ಕವಲ್ಲ, ಅವರು ಕೇಳಿದ್ದು ಅದನ್ನಲ್ಲ ಅಷ್ಟೇ.