ಕ್ಯಾನ್ಸಲ್ ಒತ್ತಿದ್ರೂ ಮತ್ತೆ ಹತ್ತೋ ನರ್ಸ್ ಕಾಲ್ ದೀಪ

ಟೆಸ್ಟರ್‌ಹುಡುಗ:
ನಮ್ಮೂರಿನ ಒಂದು ನರ್ಸಿಂಗ್ ಹೋಮಲ್ಲಿ ವೈರಿಂಗ್ ನೋಡ್ಕೋತೀನಿ. ಪೇಷಂಟ್ ಗುಂಡಿ ಒತ್ತಿ ನರ್ಸನ್ನ ಕರೆದಾಗ ಬಾಗಿಲ ಮೇಲೆ ಹತ್ತೋ ದೀಪ ಒಂದು ರೂಮಲ್ಲಿ ಆರ್ತಾನೇ ಇಲ್ಲ. ಕ್ಯಾನ್ಸಲ್ ಒತ್ತಿದ್ರೆ ಒಂದು ಕ್ಷಣ ಆರಿ ಮತ್ತೆ ಹತ್ತುತ್ತೆ. ಬೆಡ್ ಹತ್ರದ ಸ್ವಿಚ್ಚು, ವೈರು ಎರಡೂ ಹೊಸದು ಹಾಕಾಯ್ತು. ಸಪ್ಲೈ 24 ವೋಲ್ಟ್ ಸರಿಯಾಗಿ ಬರ್ತಿದೆ. ರಾತ್ರಿಯೆಲ್ಲ ಕೂಗೋದು ಕೇಳಿ ಸಾಕಾಗಿ ಸಿಸ್ಟರ್‌ಗಳು ಬಜರ್ ಮೇಲೆ ಪ್ಲಾಸ್ಟರ್ ಅಂಟಿಸಿಬಿಟ್ಟಿದ್ದಾರೆ.

ಫ್ಯೂಸ್‌ಕಂಬ:
ಆ ಲೈನ್ ಪ್ಯಾನೆಲ್ಲಲ್ಲೇ ಬಿಚ್ಚಿಬಿಡು ಗುರು. ಪೇಷಂಟ್ ಕಡೆಯೋರು ಹೇಗೂ ಬಂದು ಕರೀತಾರೆ.

ಬಯೋಮೆಡ್‌ಅಕ್ಕ:
ಫ್ಯೂಸ್‌ಕಂಬ ಅವ್ರೇ, ತಮಾಷೆಗೆ ಹೇಳಿದ್ರಿ ಅಂದ್ಕೋತೀನಿ. ಎಷ್ಟೋ ಸಿಸ್ಟಮ್‌ಗಳಲ್ಲಿ ವೈರ್ ಬಿಚ್ಚಿದ್ರೂ ಕಾಲ್ ಬರುತ್ತೆ. ವೈರು ತುಂಡಾದ್ರೆ ಗೊತ್ತಾಗ್ಲಿ ಅಂತಲೇ ಹಾಗೆ ಮಾಡಿರೋದು.

ಟೆಸ್ಟರ್‌ಹುಡುಗ, ಗುಂಡಿ ಬರೀ ಒತ್ತಿ ಬಿಡೋ ಸ್ವಿಚ್ಚು. ಕ್ಯಾನ್ಸಲ್ ಆಗೋವರೆಗೂ ಆ ಕಾಲ್ ಅನ್ನ ಹಿಡಿದಿಟ್ಕೊಂಡು ದೀಪ ಉರಿಸೋದು ಗೋಡೆಯ ಯೂನಿಟ್ಟು. ಒಂದು ಕ್ಷಣವಾದ್ರೂ ಆರ್ತಿದೆ ಅಂದ್ರೆ ಕ್ಯಾನ್ಸಲ್ ಕೆಲ್ಸ ಮಾಡ್ತಿದೆ; ಯಾವುದೋ ಸ್ವಿಚ್ಚು ಈಗಲೂ ಒತ್ತಿಕೊಂಡೇ ಕೂತಿದೆ. ದೀಪ ನಿಂತು ಉರೀತಿದೆಯಾ, ಮಿನುಗ್ತಿದೆಯಾ?

ಟೆಸ್ಟರ್‌ಹುಡುಗ:
ಕೆಂಪು, ಬೇಗ ಬೇಗ ಮಿನುಗ್ತಿದೆ ಮೇಡಂ. ಬೇರೆ ರೂಮಲ್ಲಿ ಬೆಡ್ ಗುಂಡಿ ಒತ್ತಿದ್ರೆ ನಿಂತು ಉರಿಯುತ್ತೆ.

ಬಯೋಮೆಡ್‌ಅಕ್ಕ:
ಹಾಗಾದ್ರೆ ಇದು ಬೆಡ್ ಕಾಲ್ ಅಲ್ಲ, ಬಾತ್‌ರೂಮಿನ ತುರ್ತು ಕಾಲ್ ಇರ್ಬೇಕು. ಬೆಡ್ ಬಿಡಿ, ಬಾತ್‌ರೂಮಿನ ಎಳೆಯೋ ಹಗ್ಗದ ಸ್ವಿಚ್ ನೋಡಿ. ಅದರ ಎರಡು ವೈರ್ ಯೂನಿಟ್ಟಿನಿಂದ ಬಿಚ್ಚಿ ಸ್ವಿಚ್ ಕಡೆಗೆ ಮೀಟರ್ ಇಡಿ. ಎಳೆದಾಗ ಕಾಂಟ್ಯಾಕ್ಟ್ ಸೇರೋ ಬಗೆಯದಾದ್ರೆ ಸುಮ್ನಿದ್ದಾಗ ಮೀಟರಿಂದ ಬೀಪ್ ಬರಬಾರದು. ವೈರು ತುಂಡಾದ್ರೆ ಯೂನಿಟ್ಟಿಗೆ ಗೊತ್ತಾಗ್ಲಿ ಅಂತ ಲೈನಿನ ಕೊನೆಯಲ್ಲಿ ರೆಸಿಸ್ಟರ್ ಹಾಕಿದ್ರೆ ಅದರ ಓಮ್ಸ್ ತೋರಿಸ್ಬೇಕು. ಪಕ್ಕದ ರೂಮಿಂದನ್ನೂ ಅಳೆದು ಹೋಲಿಸಿ, ಕೈಪಿಡಿ ಹುಡುಕೋದಕ್ಕಿಂತ ಬೇಗ ಆಗುತ್ತೆ.

ಟೆಸ್ಟರ್‌ಹುಡುಗ:
ಸಿಕ್ತು! ನೆಲ ತೊಳೆಯುವಾಗ ಒದ್ದೆಯಾಗುತ್ತೆ ಅಂತ ಹಗ್ಗಾನ ಬಿಗಿಯಾಗಿ ನಲ್ಲಿ ಪೈಪಿಗೆ ಸುತ್ತಿದ್ದಾರೆ. ಹಗ್ಗ ಬಿಚ್ಚಿದ್ರೂ ಮೀಟರಿನ ಬೀಪ್ ನಿಲ್ಲಲಿಲ್ಲ. ಮುಚ್ಚಳ ತೆಗೆದ್ರೆ ಒಳಗೆಲ್ಲ ಹಸಿರು ಕಿಲುಬು, ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಹೊಸ ಸ್ವಿಚ್ಚಿಗೆ ಹಗ್ಗ ಅರ್ಧಕ್ಕೆ ಕತ್ತರಿಸ್ಲಾ? ಕ್ಯಾನ್ಸಲ್ ಗುಂಡೀನ ನರ್ಸಿಂಗ್ ಸ್ಟೇಷನ್‌ಗೇ ಎಳೆದುಬಿಡಿ, ಸಿಸ್ಟರ್‌ಗಳಿಗೆ ಓಡಾಟ ತಪ್ಪುತ್ತೆ ಅಂತಿದ್ದಾರೆ ಮ್ಯಾನೇಜರ್.

ಬಯೋಮೆಡ್‌ಅಕ್ಕ:
ಎರಡೂ ಬೇಡ. ಜಾರಿ ಬಿದ್ದವರ ಕೈಗೆ ಸಿಗಬೇಕು, ಅದಕ್ಕೇ ಹಗ್ಗ ನೆಲದ ಹತ್ರದವರೆಗೂ ಇಳಿದಿರ್ಬೇಕು. ಬಾತ್‌ರೂಮ್ ಕಾಲ್ ಅನ್ನ ಅಲ್ಲೇ ಕ್ಯಾನ್ಸಲ್ ಮಾಡೋ ಹಾಗೆ ಇಟ್ಟಿರೋದು ಸಿಸ್ಟರ್ ಬಂದು ಕಣ್ಣಾರೆ ನೋಡ್ಲಿ ಅಂತ. ಮ್ಯಾನೇಜರ್‌ಗೆ ಇದನ್ನ ನೇರವಾಗಿ ಹೇಳಿ.

ಒರೆಸೋಕಾಗೋ ಪ್ಲಾಸ್ಟಿಕ್ ಹಗ್ಗ, ನೀರು ಒಳಹೋಗದ ಸ್ವಿಚ್ ತಗೊಳ್ಳಿ. ಹಳೇದರಲ್ಲಿ ರೆಸಿಸ್ಟರ್ ಇದ್ರೆ ಹೊಸದಕ್ಕೆ ಹಾಕಿ. ಆ ಪ್ಲಾಸ್ಟರ್ ಕಿತ್ತು, ಎಲ್ಲಾ ಬಾತ್‌ರೂಮಲ್ಲೂ ಒಂದ್ಸಲ ಎಳೆದು ನೋಡಿ.

ಟೆಸ್ಟರ್‌ಹುಡುಗ:
ಸ್ವಿಚ್ ಬದಲಾಯಿಸ್ದೆ, ದೀಪ ಆರಿದೆ. ಮಿಕ್ಕ ರೂಮುಗಳನ್ನೂ ನೋಡ್ದೆ ಮೇಡಂ. ಇನ್ನೂ ಕೆಲವು ಕಡೆ ಪೈಪಿಗೇ ಸುತ್ತಿದ್ದಾರೆ, ಒಂದರಲ್ಲಂತೂ ಹಗ್ಗವೇ ಇಲ್ಲ. ನಾಳೆ ಅಂಗಡಿಗೆ ಹೋಗ್ತೀನಿ.