ಶಾಸಕರ ಸಂಬಳ ಎಷ್ಟಿರಬೇಕು ಅಂತ ಯಾರು ತೀರ್ಮಾನ ಮಾಡ್ಬೇಕು?

ಕಾವೇರಿತೀರ:
2025ರ ಮಾರ್ಚ್ 21 ನೆನಪಿದ್ಯಾ? ವಿಧಾನಸಭೇಲಿ ಹನಿಟ್ರ್ಯಾಪ್ ಗಲಾಟೆ, ಪೇಪರ್ ಹರಿದು ಸ್ಪೀಕರ್ ಕಡೆಗೆ ಎಸೆದ್ರು, 18 ಜನ ಬಿಜೆಪಿ ಶಾಸಕರು ಸಸ್ಪೆಂಡ್ ಆದ್ರು, ಅದೇ ಗದ್ದಲದಲ್ಲಿ ಸಂಬಳದ ಬಿಲ್ಲು ಚರ್ಚೇನೇ ಇಲ್ದೆ ಪಾಸಾಗೋಯ್ತು. ಶಾಸಕರಿಗೆ 40 ಸಾವಿರ ಇದ್ದಿದ್ದು 80 ಸಾವಿರ, ಮಂತ್ರಿಗಳಿಗೆ 60 ಸಾವಿರದಿಂದ 1.25 ಲಕ್ಷ, ಸಿಎಂಗೆ 75 ಸಾವಿರದಿಂದ 1.5 ಲಕ್ಷ, ಭತ್ಯೆಗಳು ಬೇರೆ. 2022ರಲ್ಲಿ ಬಿಜೆಪಿ ಸರ್ಕಾರ ಇದ್ದಾಗಲೂ ಇದೇ ಥರ ಗಲಾಟೆ ಮಧ್ಯೆನೇ ಆಗಿದ್ದು, ಹಾಗಾಗಿ ದಯವಿಟ್ಟು ಪಕ್ಷದ ಜಗಳ ತರಬೇಡಿ. ಸಂವಿಧಾನದ 195ನೇ ವಿಧಿ ಪ್ರಕಾರ ಶಾಸಕರ ಸಂಬಳ ಸದನವೇ ಕಾನೂನು ಮಾಡಿ ನಿಗದಿ ಮಾಡುತ್ತೆ. ತಮ್ಮ ಸಂಬಳ ತಾವೇ ಬರ್ಕೊಳ್ಳೋದು ಬಿಟ್ಟು ಬೇರೆ ನ್ಯಾಯವಾದ ದಾರಿ ಇದ್ಯಾ?

ಬಯಲುಸೀಮೆ_77:
ಸಂಬಳ ಜಾಸ್ತಿ ಆಗಿದ್ದು ತಪ್ಪು ಅಂತ ನಂಗನ್ಸಲ್ಲ. ನಮ್ಮ ತಾಲ್ಲೂಕಲ್ಲಿ ಶಾಸಕರ ಮನೆ ಮುಂದೆ ಬೆಳಿಗ್ಗೆ ಏಳಕ್ಕೇ ಜನ ನಿಂತಿರ್ತಾರೆ, ಒಬ್ರ ಕೈಲಿ ಲಗ್ನಪತ್ರಿಕೆ, ಒಬ್ರ ಕೈಲಿ ಆಸ್ಪತ್ರೆ ಬಿಲ್ಲು, ಇನ್ನೊಬ್ರು ಜಾತ್ರೆ ರಸೀದಿ ಪುಸ್ತಕ ಹಿಡ್ಕೊಂಡು, ಬರಿಗೈಲಿ ಕಳಿಸಿದ್ರೆ ಮುಂದಿನ ಸಲ ಓಟಿಲ್ಲ. ಸಂಬಳ ಕಮ್ಮಿ ಇಟ್ರೆ ಗ್ರಾನೈಟು, ರಿಯಲ್ ಎಸ್ಟೇಟು, ಮೆಡಿಕಲ್ ಕಾಲೇಜು ಇರೋರು ಮಾತ್ರ ನಿಲ್ತಾರೆ, ಕೂಲಿ ಮಾಡೋರ ಮಗ ಶಾಸಕ ಆದ್ರೆ ಅವನು ಮನೆ ನಡೆಸೋದು ಹೇಗೆ?

ಅಂಕಿಅಂಶ:
ಹೊರಗಿನೋರು ನಿಗದಿ ಮಾಡೋ ಪದ್ಧತಿ ಇದೆ. ಬ್ರಿಟನ್ನಲ್ಲಿ 2009ರ ಖರ್ಚುವೆಚ್ಚದ ಹಗರಣ ಆದ್ಮೇಲೆ ಇಪ್ಸಾ ಅಂತ ಸ್ವತಂತ್ರ ಸಂಸ್ಥೆ ಮಾಡಿದ್ರು, 2011ರಿಂದ ಎಂಪಿಗಳ ಸಂಬಳಾನೂ ಅದೇ ನೋಡುತ್ತೆ. ಆದ್ರೆ ಹಾಗೆ ಮಾಡಿದ್ರೆ ಕಮ್ಮಿ ಆಗುತ್ತೆ ಅನ್ಕೋಬೇಡಿ, 2015ರಲ್ಲಿ ಪ್ರಧಾನಿ ಕ್ಯಾಮರೂನ್ ವಿರೋಧ ಮಾಡಿದ್ರೂ ಇಪ್ಸಾದೋರು ವರ್ಷದ ಸಂಬಳಾನ 67,060 ಪೌಂಡಿಂದ 74,000ಕ್ಕೆ ಏರಿಸಿದ್ರು. ನಮ್ಮ ಲೋಕಸಭೆ, ರಾಜ್ಯಸಭೆ ಸದಸ್ಯರಿಗೆ 2018ರಲ್ಲಿ ಕಾನೂನು ಬದಲಾಯಿಸಿ ಐದು ವರ್ಷಕ್ಕೊಮ್ಮೆ ಬೆಲೆಯೇರಿಕೆ ಸೂಚ್ಯಂಕದ ಪ್ರಕಾರ ಹೆಚ್ಚಾಗೋ ಹಾಗೆ ಮಾಡಿದ್ದಾರೆ, ಅದರಂತೆ 1 ಲಕ್ಷ ಇದ್ದಿದ್ದು 1.24 ಲಕ್ಷ ಆಯ್ತು. ಒಂದೇ ಏಟಿಗೆ ಡಬಲ್ ಆಗೋದಕ್ಕಿಂತ ಇದು ಎಷ್ಟೋ ವಾಸಿ.

ಕಾವೇರಿತೀರ:
@ಬಯಲುಸೀಮೆ_77 ಒಪ್ತೀನಿ, ಬಡವರು ಶಾಸಕರಾಗ್ಬೇಕು ಅಂದ್ರೆ ಒಳ್ಳೆ ಸಂಬಳ ಬೇಕೇ ಬೇಕು. ನಂಗೆ ಹೊಟ್ಟೆ ಉರಿಯೋದು ತಾರತಮ್ಯಕ್ಕೆ. ಅದೇ 2025ರ ಜನವರೀಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ 15 ಸಾವಿರ ಕೊಡಿ ಅಂತ ಫ್ರೀಡಂ ಪಾರ್ಕಲ್ಲಿ ಚಳೀಲಿ ಹಗಲೂ ರಾತ್ರಿ ಕೂತಿದ್ರು, ಕೊನೆಗೆ ಸಿಕ್ಕಿದ್ದು 10 ಸಾವಿರದ ಭರವಸೆ. ಅವರ ವಿಷಯಕ್ಕೆ ಬಜೆಟ್ ನೋಡ್ಬೇಕು, ಕೇಂದ್ರದ ಪಾಲು ನೋಡ್ಬೇಕು, ಮೀಟಿಂಗ್ ಮೇಲೆ ಮೀಟಿಂಗ್ ಆಗ್ಬೇಕು, ಇವರದ್ದು ಮಾತ್ರ ಧ್ವನಿಮತದಲ್ಲಿ ಮುಗಿದೋಗುತ್ತೆ.

ತುಂಗಾಪಾನ:
ನನ್ನ ಪ್ರಕಾರ ಇಪ್ಸಾ ಥರ ಸಂಬಳ ನಿಗದಿ ಮಾಡೋ ಆಯೋಗ ಇಲ್ಲಿ ಬರೋಕೆ ಟೈಮ್ ಹಿಡಿಯುತ್ತೆ, ಅದಕ್ಕಿಂತ ಮುಂಚೆ ಒಂದು ನಿಯಮ ತರಬಹುದು, ಈ ಸದನ ಏರಿಸಿದ ಸಂಬಳ ಮುಂದಿನ ಚುನಾವಣೇಲಿ ಗೆದ್ದು ಬರೋರಿಗೆ ಮಾತ್ರ ಸಿಗ್ಬೇಕು. ಅಮೆರಿಕದ ಸಂವಿಧಾನದಲ್ಲಿ 27ನೇ ತಿದ್ದುಪಡಿ ಇದೇನೇ, 1789ರಲ್ಲಿ ಪ್ರಸ್ತಾಪ ಆಗಿದ್ದು 1992ರಲ್ಲಿ ಅಂಗೀಕಾರ ಆಯ್ತು. ಆಗ ಏರಿಸಿದೋರು ಜನರ ಹತ್ರ ಹೋಗಿ ಯಾಕೆ ಏರಿಸಿದ್ವಿ ಅಂತ ಹೇಳಲೇಬೇಕಾಗುತ್ತೆ. ಪಿಂಚಣೀನೂ ಬಿಡಬೇಡಿ, ಪಂಜಾಬಲ್ಲಿ 2022ರಲ್ಲಿ ಎಷ್ಟು ಸಲ ಗೆದ್ದಿದ್ರೂ ಒಂದೇ ಪಿಂಚಣಿ ಅಂತ ಕಾನೂನು ಮಾಡಿದ್ರು, ಅದು ಇಲ್ಲಿ ಯಾಕಾಗಲ್ಲ?