ಅಪ್‌ಡೇಟ್: ತಾಯಿಯ ಮೂಲಕ ಬ್ರಿಟಿಷ್ ಪೌರತ್ವ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹುಟ್ಟಿದ ತಾಯಿಗೂ ಭಾರತೀಯ ತಂದೆಗೂ 1972ರಲ್ಲಿ ಮೈಸೂರಿನಲ್ಲಿ ಜನಿಸಿದ ನನಗೆ ಬ್ರಿಟಿಷ್ ಪೌರತ್ವ ದೊರೆಯುತ್ತದೆಯೇ ಎಂದು ಹಿಂದೆ ಕೇಳಿದ್ದೆ. ನೋಂದಣಿಗೆ ಈಗ ಒಪ್ಪಿಗೆ ಸಿಕ್ಕಿದೆ. ದಾರಿ ತೋರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.

ಬ್ರಿಟನ್ನಿನ 1948ರ ರಾಷ್ಟ್ರೀಯತಾ ಕಾಯ್ದೆಯ ಪ್ರಕಾರ ವಿದೇಶದಲ್ಲಿ ಹುಟ್ಟಿದ ಮಗುವಿಗೆ ವಂಶಾನುಗತವಾಗಿ ಪೌರತ್ವ ಬರುತ್ತಿದ್ದುದು ತಂದೆಯಿಂದ ಮಾತ್ರ; ತಾಯಂದಿರಿಗೆ ಆ ಹಕ್ಕು ತಂದೆಯರಷ್ಟೇ ಸಮನಾಗಿ ದೊರೆತದ್ದು 1981ರ ಕಾಯ್ದೆ 1983ರ ಜನವರಿ 1ರಂದು ಜಾರಿಗೆ ಬಂದ ಮೇಲೆ. ಅದಕ್ಕೂ ಮೊದಲು ಹುಟ್ಟಿದ ನನ್ನಂಥವರಿಗೆ ಆದ ಅನ್ಯಾಯವನ್ನು ಸರಿಪಡಿಸಲೆಂದು ಆ ಕಾಯ್ದೆಗೆ ನಂತರ ಸೇರಿಸಿದ 4ಸಿ ವಿಧಿಯಡಿಯಲ್ಲೇ ನಾನು ಅರ್ಜಿ ಸಲ್ಲಿಸಿದ್ದು. ತಾಯಿಯ ಪೂರ್ಣ ಜನನ ಪ್ರಮಾಣಪತ್ರವೇ ಇಡೀ ಅರ್ಜಿಗೆ ಆಧಾರವಾಯಿತು. ಅಜ್ಜಿ ಅದನ್ನು ಜೋಪಾನವಾಗಿ ಇಟ್ಟಿದ್ದರು.

ಇದೇ ಹಾದಿ ಹಿಡಿಯುವವರು ಎರಡು ಸಂಗತಿಗಳನ್ನು ಮನೆಯವರೊಂದಿಗೆ ಮೊದಲೇ ಚರ್ಚಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ. ಭಾರತದ 1955ರ ಪೌರತ್ವ ಕಾಯ್ದೆಯ 9ನೇ ವಿಧಿಯ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕೂಡಲೇ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಬೇಕಾಗುತ್ತದೆ; ಬೇಕಿದ್ದರೆ ಒಸಿಐ ಕಾರ್ಡ್‌ಗೆ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ನೀಡುವ ಕಾರ್ಡ್) ಅರ್ಜಿ ಹಾಕಬಹುದು. ನನಗೆ ಅತ್ಯಂತ ಕಠಿಣವೆನಿಸಿದ ನಿರ್ಧಾರ ಇದೇ. ಜೊತೆಗೆ, ಹೀಗೆ ದೊರೆತದ್ದು ಸಾಮಾನ್ಯವಾಗಿ ವಿದೇಶದಲ್ಲಿ ಹುಟ್ಟಿದ ಒಂದು ತಲೆಮಾರಿಗಷ್ಟೇ ಸಲ್ಲುವ ವಂಶಾನುಗತ ಪೌರತ್ವವಾದ್ದರಿಂದ, ಬೆಂಗಳೂರಿನಲ್ಲಿ ಹುಟ್ಟಿದ ನನ್ನ ಮಗಳಿಗೆ ಅದು ತಾನಾಗಿಯೇ ಮುಂದುವರಿಯುವುದಿಲ್ಲ. ಅವಳು ಭಾರತೀಯಳಾಗಿಯೇ ಉಳಿಯುತ್ತಾಳೆ.